ಹಿಂದಿನ ಸಾಲಿಗೆ ದಾರಿ

ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಚುನಾವಣೆ ಸಭೆಯಾದರೂ ಪೆಂಡಾಲ ಹಾಕಲು ನನ್ನನ್ನೇ ಕರೆಯುತ್ತಾರೆ. ನಾನು ಕಟ್ಟಿದ ವೇದಿಕೆ ಇದುವರೆಗೆ ಒಂದೂ ಕುಸಿದಿಲ್ಲ.

ಪಕ್ಷ ಯಾವುದಾದರೂ ವೇದಿಕೆ ಒಂದೇ. ಮುಂದೆ ಟವೆಲ್ ಹೊದಿಸಿದ ಸೋಫಾಗಳು. ಅಲ್ಲಿ ಕೂರುವ ಮನೆತನಗಳು ನಾನು ಈ ಕೆಲಸಕ್ಕೆ ಇಳಿದಾಗಿನಿಂದ ಅವೇ, ಅಪ್ಪ ಕೂತಲ್ಲಿ ಮಗ. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು, ಸಮಾಜಕ್ಕೊಬ್ಬರಂತೆ. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು. ಹಿಂದಿನವರು ಹಿಂದಿನ ಏಣಿಯಿಂದಲೇ ಹತ್ತಿ ಇಳಿಯುತ್ತಾರೆ. ಮೈಕಿಗೆ ಅವರನ್ನು ಯಾರೂ ಕರೆಯುವುದಿಲ್ಲ. ಅದಕ್ಕೇ ನಾನು ಸೋಫಾಗಳನ್ನು ಈ ತುದಿಯಿಂದ ಆ ತುದಿಗೆ ಸಂದಿಲ್ಲದಂತೆ ಹೊಂದಿಸುತ್ತಿದ್ದೆ.

ಕಳೆದ ಚುನಾವಣೆಯಲ್ಲಿ, ನಮ್ಮೂರು ಅಕ್ಕಿಆಲೂರಿನ ಸಭೆಯ ದಿನ, ಪಕ್ಷದ ಕಾರ್ಯಕರ್ತನೊಬ್ಬ ಓಡಿ ಬಂದ.

“ಕಾಕಾ, ನಿಮ್ಮ ಸಮಾಜದ ಹಿರ್ಯಾರಿಗೆ ಜ್ವರ ಬಂದಾವಂತ. ಕುರ್ಚಿ ಖಾಲಿ ಉಳೀತೈತಿ, ನೀವ ಕುಂದರ್ರಿ.”

“ನಾ ಕಂಬ ನೆಡಾಂವ ಅದೇನಿ ತಮ್ಮಾ.”

“ಬಿಳಿ ಅಂಗಿ ಹಾಕ್ಕೊಂಡ್ರ ಎಲ್ಲಾರೂ ಹಿರ್ಯಾರ ರೀ!”

ಸುಳ್ಳೇಕೆ, ಒಳಗೊಳಗೇ ಹಿಗ್ಗಿದೆ. ನಮ್ಮ ಕೇರಿಯಿಂದ ಸ್ಮಶಾನಕ್ಕೆ ದಾರಿಯಿಲ್ಲ. ಮಳೆಗಾಲದಲ್ಲಿ ಹೆಣ ಹೊತ್ತು ಬೇರೆಯವರ ಗದ್ದೆಯ ಬದುವಿನ ಮೇಲೆ ಹೋಗಬೇಕು. ನನ್ನ ಅಪ್ಪನನ್ನು ಹೊತ್ತಾಗ ಕಾಲು ಜಾರಿ, ಚಟ್ಟದ ಸಮೇತ ಕೆಸರಿಗೆ ಬಿದ್ದಿದ್ದೆವು. ಇದನ್ನು ಅಭ್ಯರ್ಥಿಯ ಕಿವಿಗೆ ಹಾಕಲೇಬೇಕೆಂದು ಮನೆಗೆ ಹೋಗಿ ಅಂಗಿ ಬದಲಿಸಿದೆ.

“ಮೊದಲ ದಾರಿ ಮಾತ ಹೇಳ್ರಿ, ನಮಸ್ಕಾರ ಆಮ್ಯಾಲ,” ಎಂದಳು ಹೆಂಡತಿ.

ಭಾಷಣದ ನಡುವೆ ಅಭ್ಯರ್ಥಿ ನಮ್ಮ ಕಡೆ ಕೈ ತೋರಿಸಿ, “ನೋಡ್ರಿ, ಎಲ್ಲಾ ಸಮಾಜದವ್ರೂ ನಮ್ಮ ಜೋಡಿ ಅದಾರ!” ಎಂದರು. ನಾವು ಎದ್ದು ಕೈಮುಗಿದೆವು. ಚಪ್ಪಾಳೆ ಬಿತ್ತು. ಕೂತೆವು.

ಭಾಷಣ ಮುಗಿಯುತ್ತಲೇ ಅವರ ಬಳಿ ಹೋಗಲು ಎದ್ದೆ. ಹೋಗಲು ಸಂದಿಯೇ ಇಲ್ಲ. ಸೋಫಾಕ್ಕೆ ಸೋಫಾ ಅಂಟಿಸಿ ಇಟ್ಟವನು ನಾನೇ. “ಸಾಹೇಬ್ರ, ಒಂದ್ ಮಾತು ರೀ!” ಎಂದು ಕೂಗಿದೆ. ಪಟಾಕಿ ಸದ್ದಿನಲ್ಲಿ ಅವರು ಮುಂದಿನ ಮೆಟ್ಟಿಲಿಳಿದು ಕಾರು ಹತ್ತಿದರು.

ಪಕ್ಕದ ಕುರ್ಚಿಯಲ್ಲಿದ್ದ, ಬಳೆ ವ್ಯಾಪಾರದ ಮುಸ್ಲಿಂ ಹಿರಿಯರು ನಕ್ಕರು. “ನಾ ನಾಕ್ ಇಲೆಕ್ಷನ್ನಿಂದ ಇಲ್ಲೇ ಕುಂದ್ರಾಕತ್ತೇನಿ. ನೀ ಹೊಸಬ ಅದಿ, ಅದಕ್ಕ ಎದ್ದಿ. ಕುಂದ್ರೋ ಮಾರಾಯಾ, ಚಾ ಬರ್ತೈತಿ.”

ಮನೆಗೆ ಬಂದಾಗ, ಸಭೆ ನೋಡಿ ನನಗಿಂತ ಮೊದಲೇ ಬಂದಿದ್ದ ಹೆಂಡತಿ ನೀರು ಕೊಟ್ಟಳು. “ಎದ್ದಿದ್ದು ಕಂಡ್ತು. ಮಾತು ಕೇಳ್ಸಲಿಲ್ಲ,” ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆ ಅಭ್ಯರ್ಥಿ ಗೆದ್ದರು. ಈ ಮಳೆಗಾಲದಲ್ಲೂ ನಾವು ಬದುವಿನ ಮೇಲೆಯೇ ಒಬ್ಬ ಮುದುಕಿಯನ್ನು ಹೊತ್ತೆವು.

ಈಗ ಮುಂದಿನ ಸಾಲಿನ ನಡುವೆ ಒಬ್ಬರು ದಾಟುವಷ್ಟು ಜಾಗ ಬಿಡುತ್ತೇನೆ. ಮೊನ್ನೆ ಹಿರೇಕೆರೂರಿನಲ್ಲೂ ಬಿಟ್ಟೆ. “ಬೋಳು ಕಾಣ್ತೈತಿ” ಎಂದು ಯಾರೋ ಅಲ್ಲಿ ಇನ್ನೊಂದು ಸೋಫಾ ತಂದಿಟ್ಟರು. ತೆಗೆದೆ. ಮತ್ತೆ ಇಟ್ಟರು. ಮತ್ತೆ ತೆಗೆದೆ. ಮೂರನೆಯ ಸಲ ಎತ್ತಲು ಸೊಂಟ ಕೇಳಲಿಲ್ಲ.