ಬೇರೆ ತಾಟು

ತಾಂಬಾದ ನಮ್ಮ ಮನೆಯಲ್ಲಿ ಅಬ್ಬಾ, ಅಣ್ಣ, ನಾನು ಮೂವರೂ ಒಂದೇ ದೊಡ್ಡ ತಾಟಿನಲ್ಲಿ ಉಣ್ಣುತ್ತಿದ್ದೆವು. ಜಗಳವಾಡಿದ ದಿನವೂ ಅದು ತಪ್ಪುತ್ತಿರಲಿಲ್ಲ. ಮಗನೊಬ್ಬ ತಾಟು ಬೇರೆ ಇಟ್ಟುಕೊಂಡನೆಂದರೆ ಮನೆಯಲ್ಲಿ ಪಾಲು ಕೇಳುತ್ತಿದ್ದಾನೆ ಎಂದೇ ಅರ್ಥ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಇಟ್ಟುಕೊಂಡೆ.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಲಿಂಬೆಹಣ್ಣಿನ ಲೋಡು ತಗೊಂಡು ಸೊಲ್ಲಾಪುರಕ್ಕೆ ಹೋದಾಗ ಒಂದು ಮಧ್ಯಾಹ್ನ ಒಬ್ಬ ಹೆಂಗಸಿನ ಜೊತೆ ಇದ್ದೆ. ಕಾಂಡೋಮ್ ಇತ್ತು, ಹರಿದಿರಲಿಲ್ಲ. ಹೊರಡುವಾಗ ಆಕೆ ಚಹಾ ಕುಡಿಸಿ ಕಳಿಸಿದಳು. ನಡೆದದ್ದು ಅಷ್ಟೇ. ಎಂಟನೆಯ ದಿನ ತುಟಿಯ ಒಳಗೊಂದು ಗುಳ್ಳೆ ಎದ್ದಿತು. ಪ್ರತಿ ಬೇಸಿಗೆಯಲ್ಲೂ ನನಗೆ ಏಳುವ ಗುಳ್ಳೆಯೇ ಅದು. ಆದರೆ ಫೋನ್ ತೆಗೆದು ಎಚ್‌ಐವಿ ಬಗ್ಗೆ ಓದತೊಡಗಿದೆ ನೋಡಿ, ಸಂಜೆಯಷ್ಟೊತ್ತಿಗೆ ನನ್ನ ಹೆಣಕ್ಕೆ ಹೊದಿಸುವ ಕಫನ್ನಿನ ಬಟ್ಟೆಯವರೆಗೂ ಯೋಚನೆ ಹೋಗಿತ್ತು.

ಅವತ್ತೇ ಊಟಕ್ಕೆ ಸಣ್ಣ ತಾಟು ತಗೊಂಡೆ. "ಬಾಯಿ ಹುಣ್ಣಾಗೈತಿ" ಎಂದೆ. ಅಬ್ಬಾ ಒಮ್ಮೆ ನನ್ನ ತಾಟಿನ ಕಡೆ ನೋಡಿದರು.

ಹತ್ತಿರದ ಇಂಡಿ ಪಟ್ಟಣದ ದವಾಖಾನೆಯಲ್ಲಿ ಎಲ್ಲರೂ ಪರಿಚಯದವರು. ಹಾಗಾಗಿ ಸಿಂದಗಿಗೆ ಹೋದೆ. ಅಲ್ಲಿಯ ಆಪ್ತಸಮಾಲೋಚಕಿ ಎಲ್ಲ ಕೇಳಿಕೊಂಡು, "ಅಂಜೂವಂಥಾದ್ದೇನಿಲ್ರಿ. ಆದ್ರೂ ನಿಮ್ಮ ಸಮಾಧಾನಕ್ಕ ಮೂರು ತಿಂಗಳ ಬಿಟ್ಟು ಬರ್ರಿ, ಈಗ ರಕ್ತ ನೋಡಿದ್ರ ಪೂರಾ ತಿಳಿಯಂಗಿಲ್ಲ" ಎಂದಳು. "ಮತ್ತೇನರ ಕೇಳೂದೈತೇನ್ರಿ?" ಎಂದಳು. ಒಂದೇ ತಾಟಿನಲ್ಲಿ ಉಂಡರೆ ಮನೆಯವರಿಗೂ ಅಂಟುತ್ತದೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ದಡ್ಡ ಪ್ರಶ್ನೆ ಹೇಗೆ ಕೇಳುವುದೆಂದು ನುಂಗಿಕೊಂಡೆ.

ಮೂರು ತಿಂಗಳು ಬೇರೆ ಉಂಡೆ. ಗುಳ್ಳೆ ಐದೇ ದಿನಕ್ಕೆ ಮಾಯವಾಗಿತ್ತು, ಸುಳ್ಳಿಗೆ ನೆಪವೂ ಉಳಿಯಲಿಲ್ಲ. "ಯಾಕೋ ಸೊರಗೀದಿ" ಎಂದು ಅಣ್ಣ ಕೇಳಿದರೆ ಸಿಡುಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ನನ್ನ ಸ್ಥಿತಿ. ಅಣ್ಣ ಮಾತು ಬಿಟ್ಟ. ಒಂದು ದಿನ ಅಬ್ಬಾ ಕೇಳಿದರು: "ಮನಸಿನ್ಯಾಗ ಏನೈತಿ, ಹೇಳಿಬಿಡು."

"ಏನಿಲ್ರಿ ಅಬ್ಬಾ."

ಮತ್ತೆ ಸಿಂದಗಿಗೆ ಹೋದೆ. ರಕ್ತದಲ್ಲಿ ಏನೂ ಇರಲಿಲ್ಲ. ಚೀಟಿ ಕೈಗೆ ಬಂದ ಮೇಲೆ ಧೈರ್ಯ ಮಾಡಿ ತಾಟಿನ ಮಾತು ಕೇಳಿದೆ. ಆಕೆ ಪೆನ್ನು ಕೆಳಗಿಟ್ಟಳು.

"ಜೊತಿಗೆ ಉಂಡ್ರ ಎಚ್‌ಐವಿ ಬರಂಗಿಲ್ರಿ. ಇಷ್ಟು ದಿನ ಬ್ಯಾರೆ ಉಂಡೀರೇನು? ಅವತ್ತ ಒಂದು ಮಾತು ಕೇಳಬಾರದಾಗಿತ್ತಾ?"

ಅವಳೆದುರು ಅತ್ತುಬಿಟ್ಟೆ. ಬಸ್ಸಿನಲ್ಲಿ ಬರುವಾಗ ಹಸಿವಾಯಿತು, ಬಹಳ ದಿನಗಳ ಮೇಲೆ. ಇವತ್ತು ದೊಡ್ಡ ತಾಟಿನ ಮುಂದೆ ಕೂತುಬಿಡಬೇಕು, ಯಾರೂ ಏನೂ ಕೇಳಲಿಕ್ಕಿಲ್ಲ ಅಂದುಕೊಂಡೆ.

ಮನೆಗೆ ಬಂದರೆ ಪಡಸಾಲೆಯ ನಡುವೆ ಗವಂಡಿ ಗೋಡೆ ಕಟ್ಟುತ್ತಿದ್ದ. ಆಗಲೇ ಸೊಂಟದೆತ್ತರ ಎದ್ದಿತ್ತು. ಅಣ್ಣ ಇಟ್ಟಿಗೆ ಹೊರುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಅಬ್ಬಾ ಎದ್ದು ಹತ್ತಿರ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ನೀ ಬಾಯಿಬಿಟ್ಟು ಪಾಲು ಕೇಳಾಕ ನಾಚಿದಿ. ಅದಕ್ಕ ನಾನ ಮಾಡಿಸಾಕತ್ತೇನಿ."

ಗೋಡೆ ಕಟ್ಟುವುದನ್ನು ನಿಲ್ಲಿಸಬೇಕೆಂದರೆ ಕಿಸೆಯಲ್ಲಿದ್ದ ಚೀಟಿ ತೆಗೆದು ಅವರ ಕೈಗೆ ಕೊಡಬೇಕಿತ್ತು. ಕೈ ಕಿಸೆಯವರೆಗೂ ಹೋಯಿತು. ಅಷ್ಟರಲ್ಲಿ ಗವಂಡಿ ನೀರು ಕೇಳಿದ. ನಾನೇ ಕೊಡ ತುಂಬಿ ತಂದುಕೊಟ್ಟೆ.