ಮುಚ್ಚಲು ಹೋದವರೂ ಗಿರಾಕಿಗಳೇ?

ಫೋನಿನಲ್ಲಿ ಜಾಹೀರಾತು ಮುಚ್ಚಲು ಹೋಗಿ ಬೆರಳು ಜಾರಿದರೆ, ಅದನ್ನೂ ನಿಮ್ಮ ಆಸಕ್ತಿ ಎಂದೇ ಬರೆದುಕೊಳ್ಳುತ್ತಾರೆ. ಮುಳ್ಳು ತುಳಿದವನಿಗೆ ಮುಳ್ಳಿನ ಮೇಲೆ ಪ್ರೀತಿ ಅಂದ ಹಾಗೆ! ಇಂಥ ಲೆಕ್ಕಕ್ಕೆ ಸಂಬಳ ಕೊಟ್ಟು ಇಂಜಿನಿಯರುಗಳನ್ನು ಇಟ್ಟಿದ್ದಾರೆ.

ತರೀಕೆರೆಯ ಮಹೆಕ್ ಅಂಥವರಲ್ಲಿ ಒಬ್ಬಳು. ಕಡೂರಿನ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಯಾರು ಯಾವ ಜಾಹೀರಾತು ಒತ್ತುತ್ತಾರೆಂದು ಮೊದಲೇ ಊಹಿಸಲು ಕಂಪ್ಯೂಟರಿಗೆ ಕಲಿಸುವ ತಂಡಕ್ಕೆ ಅವಳೇ ಮುಖ್ಯಸ್ಥೆ. ಅಜ್ಜಂಪುರದ ಕಡೆಯ ವಯಸ್ಸಾದ ಹೆಂಗಸರು ಹೊಲಿಗೆ ಯಂತ್ರದ ಜಾಹೀರಾತನ್ನು ಒತ್ತುತ್ತಾರೆಂದು ಅವಳು ಕಲಿಸಿದ ಕಂಪ್ಯೂಟರ್ ಮಾಡೆಲ್ ಹೇಳಿತು. ಒತ್ತಿದರು ಕೂಡ. ಕಂಪನಿ ಶಹಬ್ಬಾಸ್ ಅಂದಿತು.

ಆಮೇಲೊಮ್ಮೆ ಅಜ್ಜಂಪುರದ ಬಸ್ಸಿನಲ್ಲಿ ಅವಳ ಪಕ್ಕದ ಸೀಟಿನ ದುರ್ಗಮ್ಮ ಎಂಬ ಹೆಂಗಸು ಫೋನಿನ ಜೊತೆ ಜಗಳಕ್ಕೆ ಬಿದ್ದಿದ್ದಳು. ಪರದೆ ತುಂಬ ಅದೇ ಹೊಲಿಗೆ ಯಂತ್ರ. ಮೂಲೆಯಲ್ಲಿ ಸಾಸಿವೆಯಷ್ಟು ಇಂಟು ಮಾರ್ಕ್.

"ಮಿಷಿನ್ ತಗೊಳ್ತೀರಾ ಅಮ್ಮಾ?" ಮಹೆಕ್ ಕೇಳಿದಳು.

"ನಂಗ್ಯಾಕವ್ವ? ಸೂಜಿಗೆ ದಾರ ಪೋಣ್ಸಕ್ಕೇ ಕಣ್ಣು ಕಾಣಲ್ಲ. ಒಂದ್ ಹಾಡು ಕೇಳಣ ಅಂದ್ರೆ, ಮುಚ್ಚಕ್ ಹೋದಷ್ಟೂ ತೆಕ್ಕಂತೈತೆ ಹಾಳಾದ್ದು! ಇದ್ನ ಮಾಡ್ದೋನು ಕೈಗೆ ಸಿಗ್ಬೇಕು."

"ಸಿಕ್ರೆ ಏನ್ಮಾಡ್ತೀರ?"

"ನನ್ ಹೆಬ್ಬೆಟ್ಟು ಅವ್ನಿಗ್ ಕೊಟ್ಟು, ಮುಚ್ಚೋ ನೋಡಣ ಅಂತೀನಿ!"

ಬಸ್ಸು ನಕ್ಕಿತು. ಮಹೆಕ್ ನಗಲಿಲ್ಲ.

ಮರುದಿನವೇ ಅವಳು ತಂಡಕ್ಕೆ ಹೇಳಿದಳು: ಒತ್ತಿ ತಕ್ಷಣ ವಾಪಸ್ ಬಂದವರನ್ನು ಆಸಕ್ತರ ಲೆಕ್ಕಕ್ಕೆ ಸೇರಿಸುವುದು ಬೇಡ.

"ಮೇಡಂ, ಅರ್ಧ ಕ್ಲಿಕ್ಕು ಹೋಗ್ಬಿಡುತ್ತೆ. ನಮಗೆ ದುಡ್ಡು ಬರೋದೇ ಕ್ಲಿಕ್ಕಿಗೆ. ಆಫೀಸ್ ಮುಚ್ಚಿಸ್ಬೇಕು ಅಂತಿದ್ದೀರಾ?" ಜೊತೆಗಾರ ಅಭಿನವ ಗಾಬರಿಯಾದ.

ಅವನ ಗಾಬರಿ ಸುಳ್ಳಲ್ಲ. ಮೇಲಧಿಕಾರಿ ಸ್ಕಂದ ಫೋನಿನಲ್ಲಿ ನೇರವಾಗಿ ಹೇಳಿದ: "ಅರ್ಧ ಜನಕ್ಕೆ ಹಳೇ ಲೆಕ್ಕ, ಅರ್ಧ ಜನಕ್ಕೆ ಹೊಸ ಲೆಕ್ಕ. ಒಂದು ತಿಂಗಳು ನೋಡೋಣ. ಆದಾಯ ಬಿದ್ರೆ ಕಡೂರಿನ ತಂಡ ಇರಲ್ಲ ಮಹೆಕ್."

"ಆಗ್ಲಿ ಸರ್."

ಹೊಸ ಲೆಕ್ಕದಲ್ಲಿ ಕ್ಲಿಕ್ಕುಗಳ ಸಂಖ್ಯೆ ದಬದಬ ಕುಸಿಯಿತು. ಅಭಿನವ ಬೇರೆ ಕೆಲಸ ಹುಡುಕತೊಡಗಿದ. ಆದರೆ ತಿಂಗಳ ಕೊನೆಗೆ ಹೊಲಿಗೆ ಯಂತ್ರದವರ ವರದಿ ಬಂತು. ಹಳೆಯ ಲೆಕ್ಕದಲ್ಲಿ ಒತ್ತಿದವರ ಜಾತ್ರೆ, ಕೊಂಡವರು ಇಲ್ಲವೇ ಇಲ್ಲ ಅನ್ನುವಷ್ಟು. ಹೊಸದರಲ್ಲಿ ಒತ್ತಿದವರು ಕಡಿಮೆ, ಆದರೆ ಜಾಹೀರಾತು ನಿಜಕ್ಕೂ ಬೇಕಾದವರನ್ನೇ ಹುಡುಕಿಕೊಂಡು ಹೋಗಿತ್ತು: ದರ್ಜಿಗಳು, ಹೊಲಿಗೆ ಕಲಿಯುವ ಹುಡುಗಿಯರು ಫೋನು ಮಾಡಿ ಯಂತ್ರ ತರಿಸಿಕೊಂಡಿದ್ದರು. ಜಾಹೀರಾತು ನಿಲ್ಲಿಸಲು ಹೊರಟಿದ್ದ ಆ ಯಂತ್ರದವರೇ ಈಗ ದುಪ್ಪಟ್ಟು ಜಾಹೀರಾತು ಕೊಟ್ಟರು.

"ಗೆದ್ರಿ ಕಣ್ರೀ," ಅಂದ ಸ್ಕಂದ.

"ಮೇಡಂ, ಪಾರ್ಟಿ ಎಲ್ಲಿ?" ಅಭಿನವ ಕೇಳಿದ.

"ತಿಂಗಳಿಡೀ ಹೆದರಿಸಿದ್ದು ನೀನು. ನೀನೇ ಕೊಡ್ಸೋ."

ಈಗ ಆ ಕಂಪನಿಯ ಎಲ್ಲ ಊರಿನ ತಂಡಗಳಿಗೂ ಕಡೂರಿನ ಲೆಕ್ಕವೇ ಲೆಕ್ಕ. ಬೆರಳು ಜಾರಿಸಿ ಬದುಕುತ್ತಿದ್ದ ಜಾಹೀರಾತುಗಳಿಗೆ ಅಲ್ಲಿ ಜಾಗವಿಲ್ಲ.

ಅದು ಒಂದು ಕಂಪನಿ. ಉಳಿದವರು ತಾವಾಗಿ ಬದಲಾಗುವುದಿಲ್ಲ, ಏಕೆಂದರೆ ಜಾರಿದ ಬೆರಳಿಗೂ ಜಾಹೀರಾತು ಕೊಟ್ಟವರಿಂದ ಕಾಸು ಹುಟ್ಟುತ್ತದೆ. ನಿಮ್ಮ ಅಂಗಡಿಯ ಜಾಹೀರಾತನ್ನು ಜನರ ಫೋನಿಗೆ ಕೊಡಿಸುವ ಸ್ವಾಮಿ, ನಿಮಗೇ ಹೇಳುತ್ತಿದ್ದೇನೆ. ಒತ್ತಿದವರಲ್ಲಿ ತಕ್ಷಣ ಓಡಿಹೋದವರು ಎಷ್ಟು ಜನ ಎಂದು ಈ ತಿಂಗಳೇ ಜಾಹೀರಾತು ಕಂಪನಿಯನ್ನು ಕೇಳಿ. ಉತ್ತರ ಕೊಡುವ ತನಕ ಬಿಲ್ಲು ಕಟ್ಟಬೇಡಿ.