ಹಲೀಮಾ ಚಾಚಿಯ ಹರವಿ

ಕರೆಂಟು ಹೋದ ಮರುಗಳಿಗೆಯೇ ಔರಾದಿನ ನಮ್ಮ ಗಲ್ಲಿಯಲ್ಲಿ ಹಲೀಮಾ ಚಾಚಿಯ ದನಿ ಏಳುತ್ತಿತ್ತು: “ಫ್ರಿಜ್ಜಿನ ಬಾಗಲಾ ಯಾರೂ ತೆಗಿಬ್ಯಾಡ್ರೇ!” ಮಜಾ ಏನೆಂದರೆ ಚಾಚಿಯ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಆದರೂ ಒಂದು ದವಡೆಯಲ್ಲಿ ಪಾನ್ ಒತ್ತಿಕೊಂಡು, ಸೊಂಟಕ್ಕೆ ಕೈಯಿಟ್ಟು ಕಟ್ಟೆಯ ಮೇಲೆ ನಿಂತುಬಿಡುತ್ತಿದ್ದರು. ಯಾರು ಹಾಲು ಕಾಸಿಡಬೇಕು, ಯಾರು ಟಾಕಿಯ ನೀರು ಮೊದಲೇ ತುಂಬಿಕೊಳ್ಳಬೇಕು, ಯಾರು ಮೊಬೈಲಿನಲ್ಲಿ ಹಾಡು ಕೇಳುವುದನ್ನು ಬಿಡಬೇಕು, ಎಲ್ಲ ಹುಕುಂ ಅಲ್ಲಿಂದಲೇ.

“ಈ ಕರೆಂಟ್ ನಮ್ಮ ದೊಡ್ಡ ಅಳಿಯಾ ಇದ್ದಂಗ ಅದ ನೋಡ್ರಿ,” ಎನ್ನುತ್ತಿದ್ದರು. “ಬರ್ತೀನಂತ ಹೇಳಂಗಿಲ್ಲ, ಹೋಗ್ತೀನಂತ ಹೇಳಂಗಿಲ್ಲ. ಬಂದಾಗ ನಾವೇ ಓಡ್ಯಾಡಬೇಕು.”

ನಾವು ನಗುತ್ತಿದ್ದೆವು. ನನಗೆ ಮಾತ್ರ ಆ ನಗು ಹೊಟ್ಟೆಯೊಳಗೆ ಇಳಿಯುತ್ತಿರಲಿಲ್ಲ. ನನ್ನ ಮಗಳು ಭಾಗ್ಯಶ್ರೀಗೆ ಏಳನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು, ಆ ಔಷಧ ತಂಪಿನಲ್ಲೇ ಇರಬೇಕು. ನಮ್ಮ ಫ್ರಿಜ್ಜಿನ ಬಾಗಿಲು ಎಂದರೆ ನನ್ನ ಮಗಳ ಜೀವ. ಚಾಚಿ ಕೂಗುತ್ತಿದ್ದುದು ಮುಖ್ಯವಾಗಿ ನಮ್ಮ ಮನೆಗಾಗಿಯೇ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಆ ವರ್ಷದ ಬಿರುಗಾಳಿ ಊರಿನವರಿಗೆ ಇನ್ನೂ ನೆನಪಿದೆ. ಬೇಸಿಗೆಯ ಒಂದು ಮಧ್ಯಾಹ್ನ ಎದ್ದ ಗಾಳಿ ಕಂಬಗಳನ್ನು ಸಾಲಾಗಿ ಕೆಡವಿತು, ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಯಿತು. ಬೀದರ್ ರಸ್ತೆಯಲ್ಲಿ ಮರಗಳು ಅಡ್ಡ ಬಿದ್ದು ಬಸ್ಸು ನಿಂತವು, ಫೋನೂ ಸತ್ತಿತು. ನನ್ನ ಗಂಡ ಬೀದರ್ ಪಕ್ಕದ ಕೊಳಾರದ ಫ್ಯಾಕ್ಟರಿಯಲ್ಲಿದ್ದರು, ವಾರಕ್ಕೊಮ್ಮೆ ಬರುವವರು. ಮನೆಯಲ್ಲಿ ನಾನು, ಅತ್ತೆ, ಭಾಗ್ಯಶ್ರೀ. ಮರುದಿನ ಹೊತ್ತೇರುವಷ್ಟರಲ್ಲಿ ನಮ್ಮ ಸ್ಲ್ಯಾಬಿನ ಮನೆ ಕಾದ ಹಂಚಾಯಿತು, ಫ್ರಿಜ್ಜಿನೊಳಗಿಂದಲೂ ಬೆಚ್ಚನೆ ಗಾಳಿ ಬಂತು. ನಾನು ನಾಲ್ಕು ಶೀಶಿಗಳನ್ನು ಕೈಯಲ್ಲಿ ಹಿಡಿದು ಅಂಗಳದಲ್ಲಿ ಹುಚ್ಚಿಯಂತೆ ನಿಂತಿದ್ದೆ.

ಚಾಚಿ ಬಂದರು. “ಯಾಕ ಘಾಬರಿ ಆಗ್ಲತ್ತಿ ಶಾಂತಾ? ಕೊಡು ಇಲ್ಲಿ. ನಲವತ್ತು ವರ್ಷ ಪಾನ್ ಎಲಿ ಕಾದೀನಿ ನಾ. ಈ ಶೀಶಿ ಯಾವ ಲೆಕ್ಕ?”

ಅವರ ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಪಾನಿನ ಅಂಗಡಿ ಇತ್ತಂತೆ. ಎಲೆಯ ಕಟ್ಟು ಬಂದರೆ ಅದನ್ನು ಬಾಡದಂತೆ ಇಡುವ ಕೆಲಸ ಮನೆಯಲ್ಲಿ ಚಾಚಿಯದು. ಅವರ ಹಳೆಯ ಮಣ್ಣಿನ ಮಾಳಿಗೆಯ ಮನೆಯ ಹಿಂದಿನ ಖೋಲಿಗೆ ಬಿಸಿಲೇ ತಾಕದು. ಅಲ್ಲಿ ನೆಲದಲ್ಲಿ ಅರ್ಧ ಹುಗಿದ, ಅಗಲ ಬಾಯಿಯ ದೊಡ್ಡ ಮಣ್ಣಿನ ಹರವಿ, ಅದರೊಳಗೆ ಹಸಿ ಉಸುಕು, ಉಸುಕಿನ ನಡುವೆ ಸಣ್ಣ ಗಡಿಗೆ. ಬಾಯಿಗೆ ಒದ್ದೆ ಗೋಣಿತಟ್ಟು. ಚಾಚಿ ಶೀಶಿಗಳನ್ನು ಗಡಿಗೆಯಲ್ಲಿಟ್ಟು, ಪಕ್ಕದಲ್ಲೊಂದು ವೀಳ್ಯದೆಲೆ ಇಟ್ಟರು.

“ಇದು ನನ್ನ ಮೀಟರ್. ಎಲಿ ಮುರದ್ರ ಚಟ್ ಅನ್ನಬೇಕು. ಮೆತ್ತಗಾತು ಅಂದ್ರ ನಿನಗ ಕರೀತೀನಿ.”

ಎರಡು ದಿನ ಹಾಗೇ ನಡೆಯಿತು. ತಾಸಿಗೊಮ್ಮೆ ಗೋಣಿತಟ್ಟಿಗೆ ನೀರು, ಹೊತ್ತಿಗೊಂದು ಎಲೆ. ಊರಿಗೇ ನೀರಿಲ್ಲದ ಹೊತ್ತಿನಲ್ಲಿ ಚಾಚಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ತಮ್ಮ ವಜೂ ನೀರನ್ನೂ ಅಳೆದು ಬಳಸಿ ಆ ಹರವಿಗೆ ಚಿಮುಕಿಸುತ್ತಿದ್ದರು. ಭಾಗ್ಯಶ್ರೀ ಚುಚ್ಚಿಸಿಕೊಳ್ಳಲು ಅಲ್ಲಿಗೇ ಹೋಗಿ, ಎಲೆ ಮುರಿದು ಸದ್ದು ಕೇಳಿ ಬರುತ್ತಿದ್ದಳು.

ಕೆಟ್ಟದ್ದು ನನ್ನ ತಲೆ. ದಿನಾ ಲಿಂಗಪೂಜೆ ಮಾಡುವ ಅತ್ತೆ ಮೂರನೆಯ ದಿನ ಮೆಲ್ಲಗೆ ಶುರು ಮಾಡಿದರು: “ಅವರ ಮನ್ಯಾಗ ಏನೇನ್ ಕುದೀತದೋ, ಯಾರ್ಯಾರ ಕೈ ಆಡ್ತದೋ. ಕೂಸಿನ ಮೈಯಾಗ ಹೋಗೋ ಔಷಧ ಅದು.” ನಾನು ಅವರ ಬಾಯಿ ಮುಚ್ಚಿಸಬೇಕಿತ್ತು. ಮುಚ್ಚಿಸಲಿಲ್ಲ. ಮಣ್ಣಿನ ಗಡಿಗೆ, ಎಲೆಯ ಪರೀಕ್ಷೆ, ಇದನ್ನೆಲ್ಲ ಎಷ್ಟರ ಮಟ್ಟಿಗೆ ನಂಬುವುದು ಎಂದು ನನಗೆ ನಾನೇ ಹೇಳಿಕೊಂಡೆ. ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವವಳೆಂಬ ಸೊಕ್ಕು ಬೇರೆ. ಆದರೆ ಅತ್ತೆಯ ಮಾತು ನನ್ನೊಳಗೂ ಎಲ್ಲೋ ಕೂತಿತ್ತು, ಅದನ್ನು ಇಂದು ಸುಳ್ಳೆನ್ನಲಾರೆ.

ನನ್ನ ಮೈದುನನದು ಊರಿನಲ್ಲೇ ಐಸ್‌ಕ್ರೀಂ ಅಂಗಡಿ; ಕೆಟ್ಟಿದ್ದ ಅವನ ಜನರೇಟರ್ ಅಂದಷ್ಟೇ ರಿಪೇರಿಯಾಗಿತ್ತು. ರಾತ್ರಿಯ ಸೂಜಿ ಮುಗಿದ ಮೇಲೆ, “ಚಾಚಿ, ಔಷಧ ಕೊಡ್ರಿ, ಅಲ್ಲಿ ಇಡ್ತೀನಿ” ಎಂದೆ. ಚಾಚಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು.

“ಎಲಿ ಇನ್ನಾ ಚಟ್ ಅನ್ಲತ್ತದ, ಬೇಟಿ.”

“ಇರಲಿ ಕೊಡ್ರಿ.”

ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಅಂಗಡಿಯಲ್ಲಿ ಬಿಚ್ಚಿ ನೋಡಿದರೆ ಮೂರೇ ಶೀಶಿ. ಮುದುಕಿ ಒಂದನ್ನು ಎಲ್ಲೋ ಕಳೆದಿದ್ದಾಳೆ, ತಂದದ್ದೇ ಒಳ್ಳೆಯದಾಯಿತು ಎಂದು ಸಿಟ್ಟಿನಲ್ಲಿ ಮೂರನ್ನೂ ಡೀಪ್ ಫ್ರೀಜರಿನ ತಳದಲ್ಲಿಟ್ಟು ಬಂದೆ.

ಮರುದಿನ ಬೆಳಿಗ್ಗೆ ತೆಗೆದರೆ ಔಷಧ ಕಲ್ಲಾಗಿತ್ತು. ಕೈಯಲ್ಲಿ ಹಿಡಿದು ಕರಗಿಸಿದೆ. ನೀರಿನಂತಿದ್ದ ಔಷಧದಲ್ಲಿ ಬಿಳಿ ಎಳೆಗಳು ತೇಲಿದವು. ಕಂಡೂ ಚುಚ್ಚಿದೆ. ಮಧ್ಯಾಹ್ನವೂ ಚುಚ್ಚಿದೆ. ಇಳಿಹೊತ್ತಿಗೆ ಭಾಗ್ಯಶ್ರೀ ನೀರು ನೀರು ಎನ್ನುತ್ತ, ವಾಂತಿ ಮಾಡಿಕೊಂಡು ಸುಸ್ತಾಗಿ ಬಿದ್ದಳು. ಸಕ್ಕರೆ ನೋಡುವ ಮೀಟರು ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದಿತು. ಊರಿನ ಔಷಧದಂಗಡಿಯಲ್ಲೂ ಸರಕಾರಿ ದವಾಖಾನೆಯಲ್ಲೂ ಆ ಇನ್ಸುಲಿನ್ ಇರಲಿಲ್ಲ. ರಸ್ತೆ ಇನ್ನೂ ತೆರೆದಿರಲಿಲ್ಲ. ಅಯ್ಯೋ ದೇವರೇ, ನನ್ನ ಕೈಯಾರೆ ಕೊಂದೆನಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಂಡೆ.

ನನ್ನ ಅಳು ಕೇಳಿ ಚಾಚಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು. ಕೈಯಲ್ಲಿ ವೀಳ್ಯದೆಲೆಯಲ್ಲಿ ಸುತ್ತಿದ ನಾಲ್ಕನೆಯ ಶೀಶಿ. “ಉಸುಕಿನ್ಯಾಗ ಹೂತು ಉಳದಿತ್ತು ಬೇಟಿ. ಮರತಬಿಟ್ಟೆ. ವಯಸ್ಸಾತು ನೋಡು.”

ಆಗ ನಾನು ಏನೆಂದೆ ಗೊತ್ತೆ? “ಇಂಥಾದ್ದು ಮರೀತೀರಲ್ಲ ಚಾಚಿ!” ಎಂದು ಗದರಿದೆ. ಚಾಚಿ ತಲೆ ತಗ್ಗಿಸಿ, “ಹೌದವ್ವಾ, ತಪ್ಪಾತು” ಎಂದರು.

ಆ ಶೀಶಿ ಹುಡುಗಿಯನ್ನು ಬೆಳಗಿನ ತನಕ ಹಿಡಿದು ನಿಲ್ಲಿಸಿತು. ಬೆಳಿಗ್ಗೆ ರಸ್ತೆ ತೆರೆದು ಜೀಪಿನಲ್ಲಿ ಬೀದರಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಮೂರು ಶೀಶಿಗಳನ್ನು ಬೆಳಕಿಗೆ ಹಿಡಿದು, “ಹೆಪ್ಪುಗಟ್ಟಿದ ಇನ್ಸುಲಿನ್ ಸತ್ತಂಗ. ಬರ್ಫಿನ್ಯಾಗ ಇಟ್ಟವರು ಯಾರ್ರಿ?” ಎಂದು ಕೇಳಿದರು. ಅತ್ತೆ ನನ್ನನ್ನು ನೋಡಿದರು, ನಾನು ನೆಲ ನೋಡಿದೆ.

ಹುಡುಗಿ ಚೇತರಿಸಿಕೊಂಡಳು, ಕರೆಂಟೂ ಬಂತು. ಚಾಚಿಗೆ ಮಾತ್ರ ನಾನು ಡಾಕ್ಟರು ಹೇಳಿದ್ದನ್ನು ಹೇಳಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಅವರು ಎಂದಿನಂತೆ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದರು, ನಾನು ಎಂದಿನಂತೆ ನಗುತ್ತಿದ್ದೆ.

ಎರಡು ಮಳೆಗಾಲ ಕಳೆದು ಅವರ ಮಾಳಿಗೆ ಕುಸಿಯಿತು. ಭಾಲ್ಕಿಯಲ್ಲಿದ್ದ ಮಗಳು ಬಂದು ಕರೆದೊಯ್ದಳು. ಹೋಗುವಾಗ ಚಾಚಿ ಹರವಿಯನ್ನು ಅಗೆಸಿ ನಮ್ಮ ಅಂಗಳದಲ್ಲಿ ಇಡಿಸಿ, “ಇದು ಭಾಗೂಂದು” ಎಂದಷ್ಟೇ ಹೇಳಿದರು.

ಚಾಚಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಭಾಲ್ಕಿಗೆ ಹೋದೆ. ಸೊರಗಿ ಮಂಚಕ್ಕಂಟಿದ್ದರು. ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಎಲ್ಲ ಹೇಳಿಬಿಟ್ಟೆ: ಅತ್ತೆಯ ಮಾತು, ನನ್ನ ಮನಸ್ಸು, ಫ್ರೀಜರು, ಡಾಕ್ಟರು. “ಮಾಫ್ ಮಾಡ್ರಿ ಚಾಚಿ. ಅವತ್ತು ನೀವು ಆ ಒಂದು ಶೀಶಿ ಮರೀದೇ ಇದ್ದಿದ್ರ ನನ್ನ ಮಗಳು ಉಳೀತಿದ್ದಿಲ್ಲ.”

ಚಾಚಿ ನಿಧಾನಕ್ಕೆ ನಕ್ಕರು.

“ನಾ ಎಲ್ಲಿ ಮರತಿದ್ದೆ ಹುಚ್ಚಿ? ನೀ ಕೇಳಾಕ ಬಂದಾಗ ನಿನ್ನ ಮಾರಿ ನೋಡೇ ಸಮಜ್ಯಾತು, ನನ್ನ ಮನಿ ಮ್ಯಾಲ ನಿನಗ ಭರೋಸಾ ಇಲ್ಲಂತ. ಕೂಸು ನಿಂದು, ಕೊಡಲ್ಲ ಅನ್ನಾಕ ಬರ್ತದೇನು? ಮನಸ್ಸ ತಡೀಲಿಲ್ಲ, ಒಂದ ಇಟಗೊಂಡೆ. ಇಟಗೊಂಡೀನಿ ಅಂದ್ರ ನಿನಗ ನಾಚಿಕಿ ಆಗ್ತಿತ್ತು. ಅದಕ್ಕ ಮರತೀನಿ ಅಂದೆ.”

ಅಂದು ನಾನು ಅತ್ತಷ್ಟು ಮಗಳ ಕಾಯಿಲೆ ತಿಳಿದ ದಿನವೂ ಅತ್ತಿರಲಿಲ್ಲ. ಅದಾದ ಹದಿನೈದು ದಿನಕ್ಕೆ ಚಾಚಿ ತೀರಿಕೊಂಡರು.

ಈಗ ನಮ್ಮ ಮನೆಗೆ ಇನ್ವರ್ಟರ್ ಬಂದಿದೆ, ಹರವಿಯ ಅಗತ್ಯವಿಲ್ಲ. ಆದರೂ ಭಾಲ್ಕಿಯಿಂದ ಬಂದು ನಾನು ಈ ಮಾತು ಹೇಳಿದ ಮರುದಿನ ಅತ್ತೆ ಅದನ್ನು ಅಂಗಳದಿಂದ ಒಳಗೆ ತರಿಸಿ, ಪೂಜೆಯ ಖೋಲಿಯ ಮೂಲೆಯಲ್ಲಿ ಉಸುಕು ತುಂಬಿಸಿಟ್ಟರು. ದಿನಾ ಸ್ನಾನವಾದ ಮೇಲೆ ಮೊದಲ ತಂಬಿಗೆ ನೀರನ್ನು ಅದಕ್ಕೇ ಹಾಕುತ್ತಾರೆ.